ಸರಾಸರಿ ಮತ್ತು ತಪ್ಪು

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಸೋಯಾ ಬಿತ್ತುವ ರೈತ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮೊತ್ತದ ಶೇ. 2ರಷ್ಟು ಕಂತು ಕಟ್ಟುತ್ತಾನೆ. ಪರಿಹಾರ ಮಾತ್ರ ಸಾಮಾನ್ಯವಾಗಿ ಅವನ ಹೊಲ ನೋಡಿ ಬರೋದಿಲ್ಲ. ಕೆಲವೇ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಇಡೀ ಪ್ರದೇಶದ ಸರಾಸರಿ ತೆಗೀತಾರೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಲೆಕ್ಕದ ಮೇಲೆ ಒಂದು ಮಿತಿ ಇಟ್ಟಿರ್ತಾರೆ. ಸರಾಸರಿ ಅದಕ್ಕಿಂತ ಕೆಳಗಿಳಿದರೆ ವಿಮೆ ಮಾಡಿಸಿದ ಎಲ್ಲರಿಗೂ ದುಡ್ಡು, ಇಳಿಯದಿದ್ದರೆ ಯಾರಿಗೂ ಇಲ್ಲ. ಆಲಿಕಲ್ಲು, ಮುಳುಗಡೆಯಂಥ ಕೆಲವಕ್ಕೆ ಒಬ್ಬೊಬ್ಬರ ಹೊಲ ನೋಡುವ ನಿಯಮ ಇದೆ. ಆದ್ರೆ ಕೀಡೆ ನಿಮ್ಮ ಎರಡು ಎಕರೆಯನ್ನಷ್ಟೇ ತಿಂದಿತು ಅಂತ ಇಟ್ಕೊಳ್ರಿ. ಪಂಚಾಯಿತಿ ಚೆನ್ನಾಗೇ ಬೆಳೆದದ, ಲೆಕ್ಕ ಮುಗೀತು.

ಲೆಕ್ಕದಲ್ಲೇನೂ ಸುಳ್ಳಿಲ್ಲ. ಸಂಭವನೀಯತೆ ಅನ್ನೋದು ದೊಡ್ಡ ಗುಂಪಿಗೆ ಸೇರಿದ್ದು, ಒಬ್ಬ ವ್ಯಕ್ತಿಗೆ ಅದನ್ನು ಅಂಟಿಸಿದರೆ ಅರ್ಥವೇ ಇಲ್ಲ ಅಂತ ಗಣಿತಜ್ಞ ರಿಚರ್ಡ್ ಫಾನ್ ಮೀಸಸ್ 1928ರ ತನ್ನ ಪುಸ್ತಕದಲ್ಲಿ ವಾದಿಸಿದ. ಅವನು ಕೊಟ್ಟ ಉದಾಹರಣೆಯೂ ವಿಮೆಯದ್ದೇ: ನಲವತ್ತು ವಯಸ್ಸಿನ ಗಂಡಸರಲ್ಲಿ ಎಷ್ಟು ಮಂದಿ ಸಾಯಬಹುದು ಅಂತ ಹೇಳಬಹುದು, ನೀವು ಸಾಯ್ತೀರೋ ಇಲ್ಲವೋ ಅನ್ನೋದರ ಬಗ್ಗೆ ಅದು ಏನೂ ಹೇಳೋದಿಲ್ಲ.

ತೊಂದರೆ ಶುರುವಾಗೋದು ಕಟ್ಟೆ ಮೇಲೆ. ‘ಎಲ್ಲಾರದೂ ಬೆಳೆದದ, ಇವಂದ್ಯಾಕ ಹೋಯ್ತು? ಟೈಮಿಗೆ ಔಷಧಿ ಹೊಡೆದಿದ್ರ ಉಳೀತಿತ್ತು’ ಅಂತಾರ. ಗುಂಪಿನ ಲೆಕ್ಕ ಇಲ್ಲಿ ಸದ್ದಿಲ್ಲದೆ ಒಬ್ಬನ ಮೇಲಿನ ಆರೋಪ ಆಯ್ತು. ‘ಹಾಗೆ ಮಾಡಿದ್ದರೆ ಹೀಗೆ ಆಗ್ತಿತ್ತು’ ಅನ್ನುವ ವಾಕ್ಯದಲ್ಲೇ ಕಾರಣದ ಅರ್ಥ ಇದೆ ಅಂತ 1973ರಲ್ಲಿ ತತ್ವಜ್ಞಾನಿ ಡೇವಿಡ್ ಲೂಯಿಸ್ ಹೇಳಿದ. ಸರಿ, ಆದರೆ ಅದನ್ನು ಪರೀಕ್ಷೆ ಮಾಡೋದು ಹೇಗೆ? ನಾವು ಸಾಫ್ಟ್‌ವೇರ್‌ನವರು ಬಗ್ ಹುಡುಕುವಾಗ ಒಂದು ಸಾಲು ಬದಲಿಸಿ ಅದೇ ಪ್ರೋಗ್ರಾಮನ್ನು ಮತ್ತೆ ಓಡಿಸ್ತೀವಿ. ಹೊಲಕ್ಕೆ ಆ ಸವಲತ್ತಿಲ್ಲ, ಅದೇ ಮುಂಗಾರು ಎರಡು ಸಲ ಬರೋದಿಲ್ಲ. ಪಕ್ಕದ ಹೊಲ ನೋಡಿ ಅಂದಾಜು ಮಾಡಬಹುದು. ಆದರೆ ಅದರ ಮಣ್ಣು ಬೇರೆ, ಬಿತ್ತಿದ ದಿನ ಬೇರೆ, ಸಾಲ ಸಿಕ್ಕಿದ ದಿನವೂ ಬೇರೆ.

‘ಹಣೆಬರಹ’ ಅನ್ನೋರೂ ಇದ್ದಾರೆ. ಅದರಲ್ಲಿ ಆರೋಪ ಇಲ್ಲ, ನಿಜ. ಆದರೆ ಆ ಮಾತು ಬಂದಮೇಲೆ ಕೀಡೆ ಎಲ್ಲಿಂದ ಬಂತು ಅಂತ ಯಾರೂ ಹುಡುಕೋದಿಲ್ಲ.

ನನಗೆ ಅನ್ನಿಸೋದು ಇಷ್ಟೇ: ಸರಾಸರಿ ನೋಡಿ ದುಡ್ಡು ಹಂಚಬಹುದು, ತಪ್ಪು ಹಂಚಬಾರದು. ತಪ್ಪು ಯಾರದು ಅಂತ ಹೇಳಬೇಕಾದವರು ಮೊದಲು ಆ ಹೊಲದ ಬದುವಿನ ಮೇಲೆ ಹೋಗಿ ನಿಲ್ಲಲಿ.