ಮತವು ದಾನವೋ, ಋಣವೋ?

ಚುನಾವಣೆಯ ಕಾಲದಲ್ಲಿ ಪ್ರಜೆಯು ಮಾಡುವ ಕಾರ್ಯಕ್ಕೆ ಕನ್ನಡದಲ್ಲಿ ಮತದಾನವೆಂಬ ಹೆಸರು ನಿಂತಿದೆ. ಹೆಸರು ಸೊಗಸಾದುದೇ, ಆದರೆ ಅದರೊಳಗೆ ಒಂದು ಪ್ರಶ್ನೆ ಅಡಗಿದೆ. ದಾನವೆಂಬುದು ಕೊಡುವವನ ಇಚ್ಛೆಗೆ ಸೇರಿದ್ದು. ಮನಸ್ಸಿದ್ದರೆ ಕೊಟ್ಟಾನು, ಇಲ್ಲದಿದ್ದರೆ ಬಿಟ್ಟಾನು. ಕೊಡದವನನ್ನು ಲೋಕವು ಜಿಪುಣನೆಂದೀತೇ ಹೊರತು ತಪ್ಪಿತಸ್ಥನೆನ್ನಲಾರದು. ಋಣದ ಮಾತು ಬೇರೆ. ಪಡೆದವನು ಅದನ್ನು ತೀರಿಸಲೇಬೇಕು. ತೀರಿಸದವನು ತನ್ನದಲ್ಲದುದನ್ನು ಇಟ್ಟುಕೊಂಡವನಾಗುತ್ತಾನೆ. ಪ್ರಜೆಯ ಮತವು ಈ ಎರಡರಲ್ಲಿ ಯಾವುದು? ಚುನಾವಣೆಯ ದಿನವನ್ನು ವಿಶ್ರಾಂತಿಯ ದಿನವೆಂದು ಬಗೆದು ಮನೆಯಲ್ಲಿಯೇ ಉಳಿಯುವ ಸಜ್ಜನನು ಕೇವಲ ಔದಾರ್ಯದಲ್ಲಿ ಕಡಿಮೆಯಾದವನೋ, ಅಥವಾ ಸಲ್ಲಬೇಕಾದುದನ್ನು ಸಲ್ಲಿಸದವನೋ?

ಇದನ್ನು ನಿರ್ಣಯಿಸಬೇಕಾದರೆ ಮತವೆಂಬುದು ಪ್ರಜೆಯ ಕೈಗೆ ಹೇಗೆ ಬಂದಿತೆಂಬುದನ್ನು ಮೊದಲು ನೋಡಬೇಕು. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದಾಗ ಅದರ 144 ಸದಸ್ಯರು ಮುಖ್ಯವಾಗಿ ಭೂಮಿಯುಳ್ಳವರೂ ವರ್ತಕರೂ ಆಗಿದ್ದರು. ಅವರು ಅಹವಾಲನ್ನು ಹೇಳಿಕೊಳ್ಳಬಹುದಾಗಿತ್ತು. ಆಳುವವರನ್ನು ಬದಲಿಸುವ ಅಧಿಕಾರ ಅವರಿಗಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1935ರ ಕಾಯಿದೆಯ ಪ್ರಕಾರವೂ ಆಸ್ತಿ, ತೆರಿಗೆ, ವಿದ್ಯೆ ಮೊದಲಾದ ಅರ್ಹತೆಯುಳ್ಳವರಿಗೆ ಮಾತ್ರವೇ ಮತವಿತ್ತು. ಕೂಲಿಕಾರನೂ ಅಕ್ಷರವರಿಯದ ಒಕ್ಕಲಿಗನೂ ಆಳಿಸಿಕೊಳ್ಳುವವರ ಸಾಲಿನಲ್ಲಿದ್ದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 326ನೆಯ ಅನುಚ್ಛೇದದಿಂದ ಈ ಭೇದವನ್ನು ಅಳಿಸಿ, ವಯಸ್ಸಿಗೆ ಬಂದ ಸ್ತ್ರೀಪುರುಷರೆಲ್ಲರಿಗೂ ಸಮಾನವಾದ ಒಂದೊಂದು ಮತವನ್ನು ಕೊಟ್ಟಿತು. ಆಗ ಇಪ್ಪತ್ತೊಂದಾಗಿದ್ದ ವಯೋಮಿತಿಯು 1989ರಲ್ಲಿ ಹದಿನೆಂಟಕ್ಕೆ ಇಳಿಯಿತು.

ಕೊಟ್ಟದ್ದನ್ನು ಕಾರ್ಯಕ್ಕೆ ತರುವುದು ಸುಲಭವಾಗಿರಲಿಲ್ಲ. 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆದ ಪ್ರಥಮ ಮಹಾಚುನಾವಣೆಯಲ್ಲಿ ಹದಿನೇಳು ಕೋಟಿಗೂ ಮಿಕ್ಕಿ ಮತದಾರರಿದ್ದರು; ಅವರಲ್ಲಿ ಬಹುಪಾಲು ಜನರು ನಿರಕ್ಷರಿಗಳು. ಓದಲಾರದವನೂ ತನ್ನ ಅಭಿಪ್ರಾಯವನ್ನು ಗುಟ್ಟಾಗಿ ಹೇಳುವಂತಾಗಲೆಂದು ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆಯಿರುವ ಬೇರೆ ಬೇರೆ ಪೆಟ್ಟಿಗೆಗಳನ್ನು ಇರಿಸಲಾಯಿತು. ಮತದಾರರ ಪಟ್ಟಿಯನ್ನು ಸಿದ್ಧಪಡಿಸುವಾಗ ಲಕ್ಷಾಂತರ ಸ್ತ್ರೀಯರು ತಮ್ಮ ಸ್ವಂತ ಹೆಸರನ್ನು ಹೇಳದೆ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಯಿಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಇದಕ್ಕೆ ಒಪ್ಪಲಿಲ್ಲ. ಹೆಸರು ಹೇಳದೆ ಉಳಿದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿಯಬೇಕಾಯಿತು. ಮೇಲುನೋಟಕ್ಕೆ ಇದು ಕಠಿಣವಾದ ಕ್ರಮ. ಆದರೂ ಅದರಲ್ಲಿ ಒಂದು ನೀತಿಯಿದೆ. ಮತವು ಮನೆಗೆ ಸೇರಿದುದಲ್ಲ, ವ್ಯಕ್ತಿಗೆ ಸೇರಿದುದು. ಅದಕ್ಕೆ ಉತ್ತರ ಹೇಳಬೇಕಾದವರು ತಮ್ಮ ಹೆಸರಿನಲ್ಲಿಯೇ ನಿಲ್ಲಬೇಕು. ಹನ್ನೆರಡನೆಯ ಶತಮಾನದ ಶರಣೆಯರು ತಮ್ಮ ತಮ್ಮ ಅಂಕಿತದಲ್ಲಿ ಅನುಭಾವವನ್ನು ನುಡಿದುದನ್ನು ಬಲ್ಲ ವಾಚಕರಿಗೆ ಈ ನೀತಿಯು ಹೊಸದೆನಿಸಲಾರದು.

ಹೀಗೆ ಮತವು ಪ್ರಜೆಯು ತಾನೇ ಸಂಪಾದಿಸಿದ ಸ್ವತ್ತಲ್ಲ. ಹಿಂದಿನವರು ಹೋರಾಡಿ ಪಡೆದು ಮುಂದಿನವರ ಕೈಗೆ ಒಪ್ಪಿಸಿದ ನಿಕ್ಷೇಪವದು. ನಿಕ್ಷೇಪವನ್ನು ಕಾಯ್ದು ಬಳಸುವುದು ಋಣದ ಧರ್ಮವೇ ಸರಿ.

ಇಲ್ಲಿ ವಿಚಾರವಂತನಾದವನು ಒಂದು ಆಕ್ಷೇಪವನ್ನು ಎತ್ತುತ್ತಾನೆ. ಒಂದು ಲೋಕಸಭಾ ಕ್ಷೇತ್ರದಲ್ಲಿ ಹದಿನೈದು ಇಪ್ಪತ್ತು ಲಕ್ಷ ಮತದಾರರಿರುವಾಗ ಒಬ್ಬನು ಹೋದರೇನು, ಬಿಟ್ಟರೇನು? ಫಲವನ್ನು ಕೊಡದ ಕಾರ್ಯವು ಕರ್ತವ್ಯವಾಗುವುದೆಂತು? ಆಕ್ಷೇಪವು ಹಗುರವಾದುದಲ್ಲ. ಕೆಲವರು ಇದಕ್ಕೆ ಒಂದೇ ಮತದಿಂದ ಸೋತವರ ಕಥೆಯನ್ನು ಉತ್ತರವಾಗಿ ಹೇಳುತ್ತಾರೆ. ಅಂಥ ಪ್ರಸಂಗಗಳು ನಡೆದಿರುವುದೂ ನಿಜ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಕೇವಲ ಒಂದು ಮತದ ಅಂತರದಿಂದ ವಿಧಾನಸಭೆಗೆ ಆರಿಸಿ ಬಂದರು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರವು ಹದಿನಾರು ಮತಗಳಷ್ಟೇ ಆಗಿತ್ತು. ಆದರೆ ಇಂಥವು ಅಪರೂಪದ ಘಟನೆಗಳು. ಅಪರೂಪದ ಮೇಲೆ ಕರ್ತವ್ಯವನ್ನು ನಿಲ್ಲಿಸಿದರೆ, ಅಂತರವು ಲಕ್ಷವಾದ ಕಡೆ ಕರ್ತವ್ಯವೇ ಇಲ್ಲವೆಂದು ಒಪ್ಪಬೇಕಾಗುತ್ತದೆ.

ಇದಕ್ಕಿಂತ ದೃಢವಾದ ಉತ್ತರವು ಊರಿನ ಕೆರೆಯಲ್ಲಿದೆ. ಕೆರೆಯ ಹೂಳೆತ್ತುವ ಕಾಲಕ್ಕೆ ಮನೆಗೊಂದಾಳು ಬರಬೇಕೆಂಬುದು ಊರಿನ ಕಟ್ಟಳೆ. ಒಂದು ಮನೆಯವರು ಬಾರದಿದ್ದರೆ ಹೂಳು ಉಳಿಯುವುದಿಲ್ಲ. ಅವರ ಪಾಲಿನ ಮಣ್ಣನ್ನು ಉಳಿದವರು ಹೊರುತ್ತಾರೆ. ಮಳೆ ಬಂದು ಕೆರೆ ತುಂಬಿ, ನೀರುಗಂಟಿಯು ತೂಬನ್ನೆತ್ತಿದಾಗ ಬಾರದವರ ಗದ್ದೆಗೂ ನೀರು ಹರಿಯುತ್ತದೆ. ಅವರಿಂದ ಕೆರೆಗೆ ನಷ್ಟವಾಯಿತೇ? ಲೆಕ್ಕಕ್ಕೆ ಸಿಕ್ಕುವ ನಷ್ಟವೇನೂ ಇಲ್ಲ. ಆದರೂ ಅವರದು ತಪ್ಪೆಂದು ಊರಿನ ಎಳೆಯ ಮಗುವೂ ಹೇಳಬಲ್ಲದು. ಹತ್ತು ಜನ ಹೊತ್ತ ಭಾರದ ಫಲವನ್ನು ಭಾರ ಹೊರದೆ ಉಂಡುದೇ ಆ ತಪ್ಪು. ನ್ಯಾಯಾಲಯ, ಶಾಲೆ, ರಸ್ತೆ, ನಿರ್ಭಯವಾಗಿ ಮಾತನಾಡುವ ಸ್ವಾತಂತ್ರ್ಯ ಇವೆಲ್ಲವೂ ಪ್ರಜಾಪ್ರಭುತ್ವವೆಂಬ ಕೆರೆಯ ನೀರು. ಅದನ್ನು ನಿತ್ಯವೂ ಕುಡಿಯುವವನು ಐದು ವರ್ಷಕ್ಕೊಮ್ಮೆ ಬುಟ್ಟಿಗೆ ಕೈಹಚ್ಚಲಾರೆನೆಂದರೆ, ತನ್ನ ಒಂದು ಬುಟ್ಟಿಯಿಂದ ಕೆರೆ ತುಂಬದೆಂಬ ಮಾತು ಅವನನ್ನು ಕಾಯಲಾರದು.

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದಲ್ಲಿ ನೂರಕ್ಕೆ ಎಂಬತ್ತೊಂದಕ್ಕೂ ಹೆಚ್ಚು ಜನ ಮತ ಚಲಾಯಿಸಿದರೆ, ಬೆಂಗಳೂರು ದಕ್ಷಿಣದಲ್ಲಿ ಆ ಸಂಖ್ಯೆಯು ಐವತ್ತಮೂರರ ಹತ್ತಿರ ನಿಂತಿತು. ನಗರದ ಪಟ್ಟಿಯಲ್ಲಿ ಮನೆ ಬದಲಿಸಿದವರ ಹೆಸರುಗಳು ಉಳಿಯುವುದೂ ಇದಕ್ಕೆ ಒಂದು ಕಾರಣವಾಗಬಹುದು. ಎಲ್ಲವನ್ನೂ ಔದಾಸೀನ್ಯದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ವಿದ್ಯೆ, ವಾಹನ, ವೃತ್ತಪತ್ರಿಕೆಗಳು ಹೆಚ್ಚಿರುವ ಕಡೆಯೇ ಮತಗಟ್ಟೆಯ ದಾರಿ ದೂರವಾಗಿ ತೋರುವುದು ಚಿಂತಿಸತಕ್ಕ ವಿಷಯ. ಮನೆಯಲ್ಲಿ ಉಳಿದವನು ತಾನು ತಟಸ್ಥನೆಂದು ತಿಳಿದಿರುತ್ತಾನೆ. ವಾಸ್ತವದಲ್ಲಿ ಅವನು ತನ್ನ ಪಾಲಿನ ನಿರ್ಣಯವನ್ನು ಹೋದವರ ಕೈಗೆ ಒಪ್ಪಿಸಿರುತ್ತಾನೆ. ಅವರು ಯಾರೆಂದು ವಿಚಾರಿಸುವ ಗೋಜಿಗೂ ಹೋಗಿರುವುದಿಲ್ಲ.

ನಿಂತವರಲ್ಲಿ ಯಾರೂ ಯೋಗ್ಯರಲ್ಲ, ಅಪಾತ್ರರಿಗೆ ಕೊಡುವುದಕ್ಕಿಂತ ಕೊಡದಿರುವುದೇ ಲೇಸು ಎಂಬುದು ಎರಡನೆಯ ಆಕ್ಷೇಪ. ಪಾತ್ರಾಪಾತ್ರ ವಿವೇಕವು ಬೇಕೆಂಬುದೇನೋ ಸರಿ. ಆದರೆ ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪಿನ ಅನಂತರ ಯಾರನ್ನೂ ಒಪ್ಪೆನೆಂದು ಹೇಳುವ ಗುಂಡಿಯೂ ಮತಯಂತ್ರದಲ್ಲಿದೆ. ಮತಗಟ್ಟೆಗೆ ಹೋಗಿ ಒಪ್ಪೆನೆನ್ನುವುದು ಒಂದು ಮಾತು. ಮನೆಯಲ್ಲಿ ಮಲಗಿರುವುದು ಮಾತೇ ಅಲ್ಲ. ಅದಲ್ಲದೆ, ಪರಿಪೂರ್ಣನು ದೊರೆಯುವವರೆಗೆ ಕಾಯುವೆನೆಂಬುದು ಲೋಕವ್ಯವಹಾರದಲ್ಲಿ ನಡೆಯದು. ಇಬ್ಬರು ಅಪೂರ್ಣರಲ್ಲಿ ಯಾರಿಂದ ಬಡವನಿಗೆ ಕೇಡು ಕಡಿಮೆಯೆಂದು ತೂಗಿ ನೋಡುವುದೂ ವಿವೇಕದ ಕೆಲಸವೇ ಆಗಿದೆ.

ಋಣವಾದರೆ ಬಲಾತ್ಕಾರದಿಂದ ಏಕೆ ವಸೂಲು ಮಾಡಬಾರದೆಂದು ಕೇಳಬಹುದು. ಆಸ್ಟ್ರೇಲಿಯವು 1924ರಿಂದಲೂ ಮತ ಚಲಾಯಿಸದವರಿಗೆ ದಂಡ ವಿಧಿಸುತ್ತ ಬಂದಿದೆ. ಗುಜರಾತಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಅಂಥದೊಂದು ಕಾನೂನು ಬಂದಾಗ ಅಲ್ಲಿಯ ಉಚ್ಚ ನ್ಯಾಯಾಲಯವು 2015ರಲ್ಲಿ ಅದಕ್ಕೆ ತಡೆಯಾಜ್ಞೆ ನೀಡಿತು. ದಂಡದ ಭಯದಿಂದ ಜನರು ಮತಗಟ್ಟೆಗೆ ಬಂದಾರು. ವಿಚಾರ ಮಾಡಿ ಬರುವರೆಂಬ ಭರವಸೆಯಿಲ್ಲ. ಮತವೆಂಬ ಶಬ್ದಕ್ಕೆ ಮನನ ಮಾಡಿ ನಿಶ್ಚಯಿಸಿದುದು ಎಂದರ್ಥ. ಭಾರತದ ಕಾನೂನು ಈ ಋಣವನ್ನು ಪ್ರಜೆಯ ಅಂತಃಸಾಕ್ಷಿಗೆ ಬಿಟ್ಟಿದೆ. ಕೇಳುವ ಸಾಲಗಾರನಿಲ್ಲದ ಋಣವನ್ನು ತೀರಿಸುವುದರಲ್ಲಿಯೇ ಮನುಷ್ಯನ ಸತ್ತ್ವಪರೀಕ್ಷೆಯಿರುವುದು.

ಇನ್ನು ಹಣಕ್ಕೋ ಸೀರೆಗೋ ಮತವನ್ನು ಮಾರುವವರಿದ್ದಾರೆ. ಕೊಡುವುದೂ ಪಡೆಯುವುದೂ ಎರಡೂ ಅಪರಾಧವೆಂದು ಕಾನೂನು ಹೇಳುತ್ತದೆ. ಬಡವನನ್ನು ಮಾತ್ರ ಇದಕ್ಕಾಗಿ ನಿಂದಿಸುವುದು ಸಲ್ಲದು. ಗುತ್ತಿಗೆಗೂ ಪದವಿಗೂ ಮತವನ್ನು ಮಾರುವ ಸಿರಿವಂತನ ವ್ಯಾಪಾರವು ಇನ್ನೂ ದೊಡ್ಡದು. ಮಾರಯ್ಯನು ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಕಾಯಕಕ್ಕೆ ಸಲ್ಲುವುದಕ್ಕಿಂತ ಮಿಗಿಲಾದುದು ಮನೆಗೆ ಬೇಡವೆಂದು ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿದಳು. ಆ ಮನೆಯಲ್ಲಿ ಬಡತನವಿರಲಿಲ್ಲವೆಂದು ಯಾರೂ ಹೇಳರು. ಬಡತನದಲ್ಲಿಯೂ ಬೇಡವೆನ್ನುವ ಗಟ್ಟಿತನವಿತ್ತು.

ಶರಣರು ದಾನಕ್ಕೂ ದಾಸೋಹಕ್ಕೂ ಭೇದವನ್ನು ಕಂಡರು. ದಾನದಲ್ಲಿ ಕೊಟ್ಟೆನೆಂಬ ಅಹಂಕಾರವು ಉಳಿಯುತ್ತದೆ. ದಾಸೋಹದಲ್ಲಿ ಸಮಾಜದಿಂದ ಬಂದುದು ಸಮಾಜಕ್ಕೆ ಸಲ್ಲಿತೆಂಬ ಭಾವವಿರುತ್ತದೆ. ಮತವು ಹೆಸರಿಗೆ ದಾನವಾದರೂ ಸ್ವಭಾವದಲ್ಲಿ ದಾಸೋಹಕ್ಕೆ ಸಮೀಪವಾದುದು. ಆದುದರಿಂದ ಮತಗಟ್ಟೆಯಿಂದ ಹೊರಬಂದವನಿಗೆ ಹೆಮ್ಮೆಪಡಲು ಕಾರಣವಿಲ್ಲ, ಕರ್ತವ್ಯವು ಮುಗಿಯಿತೆನ್ನಲೂ ಕಾರಣವಿಲ್ಲ. ಆರಿಸಿ ಕಳುಹಿದವರ ಲೆಕ್ಕವನ್ನು ಕೇಳುವುದು, ಗ್ರಾಮಸಭೆಯಲ್ಲಿ ಕುಳಿತು ಊರಿನ ಕೆಲಸವನ್ನು ವಿಚಾರಿಸುವುದು ಇವೂ ಅದೇ ಋಣದ ಕಂತುಗಳು. ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರ ಮಹಾಚುನಾವಣೆಯಿಂದಲೂ ಮೈಸೂರಿನ ಬಣ್ಣದ ಕಾರ್ಖಾನೆಯು ಒದಗಿಸುತ್ತ ಬಂದಿದೆ. ಆ ಗುರುತು ಕೆಲವು ವಾರಗಳಲ್ಲಿ ಉಗುರಿನೊಡನೆ ಬೆಳೆದು ಹೋಗುತ್ತದೆ. ಪ್ರಜೆಯ ಹೊಣೆಯು ಮುಂದಿನ ಚುನಾವಣೆಯವರೆಗೂ ಅವನ ಮೇಲೆಯೇ ಇರುತ್ತದೆ.