ಸ್ವಾಸ್ಥ್ಯವನ್ನು ಕೊಡಬಹುದೇ?

‘ಸ್ವಸ್ಥ’ ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಅದರ ಅರ್ಥವನ್ನು ಕುರಿತು ಚಿಂತಿಸುವುದು ಅಪರೂಪ. ತನ್ನಲ್ಲಿ ತಾನು ನೆಲೆನಿಂತವನು ಸ್ವಸ್ಥ. ಜ್ವರ ಬಿಟ್ಟ ಮಾತ್ರಕ್ಕೆ ಮನುಷ್ಯನು ಸ್ವಸ್ಥನಾದನೆಂದು ಹೇಳಲಾಗದು. ಅವನು ಮತ್ತೆ ತನ್ನ ಮನೆಗೆ, ತನ್ನ ಕೆಲಸಕ್ಕೆ, ತನ್ನ ನೆರೆಹೊರೆಗೆ ತಾನಾಗಿ ಮರಳಬೇಕು. ಹೀಗಿರುವಾಗ ಒಬ್ಬರು ಇನ್ನೊಬ್ಬರಿಗೆ ಸ್ವಾಸ್ಥ್ಯವನ್ನು ‘ಕೊಡುವುದು’ ಸಾಧ್ಯವೇ? ಔಷಧವನ್ನು ಕೊಡಬಹುದು, ಹಣವನ್ನು ಕೊಡಬಹುದು. ತನ್ನಲ್ಲಿ ತಾನು ನಿಲ್ಲುವ ಬಲವನ್ನು ಪರರ ಕೈಯಿಂದ ಪಡೆಯುವುದು ಹೇಗೆ? ಧರ್ಮಾರ್ಥವಾಗಿ ಆರೋಗ್ಯಸೇವೆ ನಡೆಸುವ ಸಂಘಸಂಸ್ಥೆಗಳೆಲ್ಲ ಒಮ್ಮೆ ನಿಂತು ಯೋಚಿಸಬೇಕಾದ ಪ್ರಶ್ನೆಯಿದು.

ಈ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದು ಗ್ರಂಥಗಳಿಂದಲ್ಲ. ಕೆಲವು ವರ್ಷಗಳ ಹಿಂದೆ ಹೊಸೂರಿನಿಂದಾಚೆ, ತಳಿಯ ಕಡೆಯ ಒಂದು ಹಳ್ಳಿಯಲ್ಲಿ ಉಚಿತ ಆರೋಗ್ಯ ಶಿಬಿರವೊಂದು ನಡೆಯಿತು. ನೆರವಾಗಲೆಂದು ನಾವೂ ಹೋಗಿದ್ದೆವು. ಬಹಳ ಹೊತ್ತು ಸರದಿಯಲ್ಲಿ ನಿಂತಿದ್ದ ಒಬ್ಬ ವೃದ್ಧೆ ವೈದ್ಯರ ಮುಂದೆ ಕುಳಿತು, “ಎದೆಯೊಳಗೆ ಸಂಕಟ ಕಣಪ್ಪ” ಎಂದಳು. ವೈದ್ಯರು ತಮಿಳರು, ಸಜ್ಜನರು; ಆಕೆ ಬಲ್ಲದ್ದು ಮನೆಮಾತಾದ ಕನ್ನಡವೊಂದನ್ನೇ. ನಡುವೆ ದುಭಾಷಿಗಳಾಗಿದ್ದ ನಾವು ಅವಸರದಲ್ಲಿ ಅದನ್ನು ಎದೆನೋವೆಂದು ತಿಳಿಸಿದೆವು. ಪರೀಕ್ಷೆಯಾಯಿತು, ಹೃದಯದಲ್ಲಿ ದೋಷವೇನೂ ಕಾಣಲಿಲ್ಲ, ವೈದ್ಯರು ಮಾತ್ರೆ ಬರೆದುಕೊಟ್ಟರು. ಆಕೆ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ನಮಗೆ ಕೈಮುಗಿದಳು. ಸಂಜೆ ಹುಣಿಸೆಮರದ ಕೆಳಗೆ ಆಕೆ ಕುಳಿತಿದ್ದುದನ್ನು ಕಂಡು, “ಈ ಸಂಕಟ ಯಾವಾಗಿನಿಂದ, ಅವ್ವಾ?” ಎಂದು ಕೇಳಿದೆವು. “ನಮ್ಮ ಯಜಮಾನ್ರು ಹೋದಾಗಿಂದ. ಮನೇಲಿ ಮಾತಾಡೋಕೆ ಯಾರೂ ಇಲ್ಲ” ಎಂದಳು. ಆಕೆಯ ಮಾತನ್ನು ನಾವು ಭಾಷಾಂತರಿಸಿದ್ದೆವು, ಕೇಳಿರಲಿಲ್ಲ. ಆಕೆ ಮುಗಿದ ಕೈ ಇಂದಿಗೂ ನಮ್ಮನ್ನು ನಾಚಿಸುತ್ತದೆ.

ದಾನದಲ್ಲಿ ಒಂದು ಸೂಕ್ಷ್ಮವಾದ ಅಪಾಯವಿದೆ. ದಾನಿಯ ದೃಷ್ಟಿ ತಾನು ಕೊಟ್ಟದ್ದರ ಮೇಲಿರುತ್ತದೆ: ಎಷ್ಟು ಜನ ಬಂದರು, ಎಷ್ಟು ಕನ್ನಡಕ ಹಂಚಿದೆವು ಎಂಬ ಲೆಕ್ಕದಲ್ಲಿ ಅವನಿಗೆ ತೃಪ್ತಿ. ಪಡೆಯುವವನಾದರೋ ಕೃತಜ್ಞತೆಗೆ ಕಟ್ಟುಬಿದ್ದು, ತನಗೆ ಬೇಕಾದದ್ದು ಇದಲ್ಲವೆಂದು ಹೇಳಲಾರನು. ಹಾಗೆಂದು ದಾನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೆರಿಗೆಯ ನೋವಿನಲ್ಲಿರುವವಳ ಮುಂದೆ ಸ್ವಾವಲಂಬನೆಯ ತತ್ತ್ವವನ್ನು ಉಪದೇಶಿಸುವುದು ಕ್ರೌರ್ಯವೇ ಸರಿ. ಮೊದಲು ಜೀವ ಉಳಿಯಬೇಕು. ಆದರೆ ಉಳಿದ ಜೀವವು ಮರುದಿನ ಯಾರ ಬಲದಿಂದ ನಡೆಯಬೇಕು?

ಇದಕ್ಕೆ ಉತ್ತರವನ್ನು ಅರಸಿ ದೂರ ಹೋಗಬೇಕಾಗಿಲ್ಲ. 2004ರವರೆಗೆ ನಮ್ಮ ಕೃಷ್ಣಗಿರಿಯೂ ಸೇರಿದ್ದ ಧರ್ಮಪುರಿ ಜಿಲ್ಲೆಯಲ್ಲಿ, ಬೆಟ್ಟಗಳ ನಡುವೆ, ಸಿಟ್ಟಿಲಿಂಗಿ ಎಂಬ ಕಣಿವೆಯಿದೆ. ‘ಮಲೆಯಾಳಿ’ ಎಂಬ ಹೆಸರಿನ ತಮಿಳು ಗಿರಿಜನರೂ ಲಂಬಾಣಿಗಳೂ ಅಲ್ಲಿಯ ನಿವಾಸಿಗಳು. 1990ರ ದಶಕದ ಆರಂಭದಲ್ಲಿ ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ದಂಪತಿಗಳು ಅಲ್ಲಿಗೆ ಬಂದು, ಗುಡಿಸಲೊಂದರಲ್ಲಿ ಚಿಕಿತ್ಸೆಯನ್ನು ಆರಂಭಿಸಿದರು. ಆಗ ಅಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 150ರ ಸಮೀಪದಷ್ಟು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಕಾಲಕ್ರಮದಲ್ಲಿ ಆ ಸಂಖ್ಯೆ 20ರ ಆಸುಪಾಸಿಗೆ ಇಳಿಯಿತು. ಇದು ಇಬ್ಬರು ವೈದ್ಯರಿಂದಲೇ ಆದದ್ದಲ್ಲ. ಅವರು ಕಣಿವೆಯ ಹೆಣ್ಣುಮಕ್ಕಳನ್ನೇ ಕರೆದು, ರೋಗವನ್ನು ಗುರುತಿಸಲೂ ಬಾಣಂತಿಯನ್ನೂ ಶಿಶುವನ್ನೂ ಕಾಪಾಡಲೂ ಕಲಿಸಿದರು. ಮುಂದೆ ಅಲ್ಲಿ ಸಾವಯವ ಕೃಷಿಕರ ಸಂಘ ಹುಟ್ಟಿತು. ಲಂಬಾಣಿ ಸ್ತ್ರೀಯರು ಮರೆಯಾಗುತ್ತಿದ್ದ ತಮ್ಮ ಕಸೂತಿಯನ್ನು ಮತ್ತೆ ಕೈಗೆತ್ತಿಕೊಂಡು, ತಮ್ಮ ಸಂಸ್ಥೆಗೆ ‘ಪೊರ್ಗೈ’ ಎಂದು ಹೆಸರಿಟ್ಟರು. ಅವರ ನುಡಿಯಲ್ಲಿ ಅದಕ್ಕೆ ಹೆಮ್ಮೆಯೆಂದು ಅರ್ಥ. ಆಸ್ಪತ್ರೆಗೂ ಕಸೂತಿಗೂ ಏನು ಸಂಬಂಧವೆಂದು ಕೇಳುವವರು ‘ಸ್ವಸ್ಥ’ ಎಂಬ ಪದವನ್ನು ಮತ್ತೊಮ್ಮೆ ನೋಡಬೇಕು. ತನ್ನ ಕೈಯ ಕೆಲಸದಲ್ಲಿ ಹೆಮ್ಮೆಯುಳ್ಳವಳು ತನ್ನಲ್ಲಿ ತಾನು ನಿಂತಿರುತ್ತಾಳೆ.

ಜನರೇ ತಮ್ಮ ಆರೋಗ್ಯವನ್ನು ನೋಡಿಕೊಳ್ಳಲಿ ಎಂಬ ಮಾತು ಸರ್ಕಾರಕ್ಕೂ ಸಿರಿವಂತರಿಗೂ ನುಣುಚಿಕೊಳ್ಳಲು ನೆಪವಾಗದೇ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಔಷಧವೂ ವೈದ್ಯರೂ ಬಡವನ ಹಕ್ಕು. ಅವನ್ನು ಒದಗಿಸುವುದು ರಾಜ್ಯದ ಹೊಣೆ. ಆ ಹೊಣೆಯನ್ನು ರಾಜ್ಯವು ಒಪ್ಪಿಕೊಂಡ ನಿದರ್ಶನವೂ ನಮ್ಮ ಜಿಲ್ಲೆಯಲ್ಲೇ ಇದೆ. ‘ಮಕ್ಕಳೈ ತೇಡಿ ಮರುತ್ತುವಂ’, ಎಂದರೆ ಜನರನ್ನು ಅರಸಿ ಬರುವ ಚಿಕಿತ್ಸೆ, ಎಂಬ ತಮಿಳುನಾಡು ಸರ್ಕಾರದ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಯನ್ನು ಊರಿನ ಹೆಣ್ಣುಮಗಳೊಬ್ಬಳು ಮನೆಬಾಗಿಲಿಗೆ ತಂದುಕೊಡುವ ಏರ್ಪಾಡು ಅದು. ಇದು ದೊಡ್ಡ ಉಪಕಾರ; ದಿನದ ಕೂಲಿಯನ್ನು ಬಿಟ್ಟು ಆಸ್ಪತ್ರೆಗೆ ಅಲೆದವರು ಅದರ ಬೆಲೆಯನ್ನು ಬಲ್ಲರು. ಆದರೆ ಬಾಗಿಲಿಗೆ ಮಾತ್ರೆ ಬಂದರೂ ಒಳಗಿನ ಒಂಟಿತನ ಹಾಗೆಯೇ ಉಳಿಯಬಹುದು. ಅದನ್ನು ನೀಗಿಸೆಂದು ಸರ್ಕಾರಕ್ಕೆ ಅರ್ಜಿ ಬರೆಯಲಾಗದು. ಅದು ನೆರೆಯವರ ಋಣ.

ಗಡಿನಾಡಿನಲ್ಲಿರುವ ನಮಗೆ ಈ ಋಣ ಇನ್ನಷ್ಟು ಸ್ಪಷ್ಟ. ಇಲ್ಲಿ ಒಂದೇ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಬದುಕುತ್ತವೆ. ವ್ಯವಹಾರವನ್ನು ಯಾವ ಭಾಷೆಯಲ್ಲಾದರೂ ನಡೆಸಬಹುದು. ದುಃಖವನ್ನು ಮಾತ್ರ ಮನುಷ್ಯನು ತಾಯ್ನುಡಿಯಲ್ಲೇ ಬಿಚ್ಚುತ್ತಾನೆ. ನಮ್ಮಂಥ ಸಂಘಗಳು ರಾಜ್ಯೋತ್ಸವವನ್ನು ಆಚರಿಸಿ, ಭಾಷಾಭಿಮಾನದ ಭಾಷಣಗಳನ್ನು ಏರ್ಪಡಿಸಿ ಕೃತಾರ್ಥರಾಗುತ್ತವೆ. ವಾರಕ್ಕೊಂದು ದಿನ ನಮ್ಮಲ್ಲಿ ಇಬ್ಬರು ಆಸ್ಪತ್ರೆಯ ಹೊರಜಗಲಿಯಲ್ಲಿ ಕುಳಿತು, ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳಿ, ವೈದ್ಯರಿಗೆ ತಪ್ಪಿಲ್ಲದೆ ತಿಳಿಸುವಂತಾದರೆ ಅದೂ ಕನ್ನಡದ ಸೇವೆಯೇ. ಅದಕ್ಕೆ ಚಂದಾ ಬೇಡ, ವೇದಿಕೆ ಬೇಡ.

ಆ ವೃದ್ಧೆಯಂಥವರನ್ನೂ ನಾವು ಕರೆಯೋಣ. ಈ ಬಾರಿ ಸರದಿಯಲ್ಲಿ ನಿಲ್ಲಲು ಬೇಡ. ನಿನ್ನೆ ಮೊನ್ನೆ ಗಂಡನನ್ನು ಕಳೆದುಕೊಂಡ ಇನ್ನೊಬ್ಬಳ ಪಕ್ಕದಲ್ಲಿ ಆಕೆ ಕುಳಿತುಕೊಳ್ಳಲಿ. ಸಂಕಟವೆಂದರೇನೆಂಬುದು ನಮಗಿಂತ ಆಕೆಗೆ ಚೆನ್ನಾಗಿ ತಿಳಿದಿದೆ. ಆಕೆಗೆ ಭಾಷಾಂತರದ ಅಗತ್ಯವೂ ಬೀಳದು.