ಬತ್ತಿದವರ ಪಾಲಿನ ಪ್ರಾರ್ಥನೆ

ಅಪ್ಪ ತೀರಿಕೊಂಡ ವರ್ಷ ನನ್ನಲ್ಲಿ ಪ್ರಾರ್ಥನೆ ನಿಂತುಹೋಯಿತು. ದೇವರಿಲ್ಲ ಅನ್ನಿಸಿರಲಿಲ್ಲ, ದೇವರ ಮೇಲೆ ಸಿಟ್ಟೂ ಬಂದಿರಲಿಲ್ಲ. ರಾತ್ರಿ ಮೊಣಕಾಲೂರಿದರೆ ಮೊದಲ ಮಾತೇ ಹುಟ್ಟುತ್ತಿರಲಿಲ್ಲ, ಅಷ್ಟೆ. ಏಳು ತಿಂಗಳು ಆಸ್ಪತ್ರೆಗೂ ಮನೆಗೂ ಅಲೆದು, ಕೇಳಬೇಕಾದ್ದನ್ನೆಲ್ಲ ದೇವರಲ್ಲಿ ಕೇಳಿ ಮುಗಿಸಿ, ಕೊನೆಗೆ ಅಪ್ಪನನ್ನು ಮಣ್ಣಿಗಿಟ್ಟು ಬಂದ ಮೇಲೆ ಕೇಳಲು ಏನೂ ಉಳಿದಿರಲಿಲ್ಲ. ಭಾನುವಾರ ಚರ್ಚಿಗೆ ಹೋಗುತ್ತಿದ್ದೆ. ಗೀತೆ ಶುರುವಾದಾಗ ಎದ್ದು ನಿಂತು ತುಟಿ ಆಡಿಸುತ್ತಿದ್ದೆ. ಹೊರಬರುವಾಗ ಬಾಗಿಲ ಬಳಿ ಕೈ ಹಿಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಇನ್ನೂ ಹೆಚ್ಚು ಪ್ರಾರ್ಥಿಸಿ, ವಿಶ್ವಾಸ ಗಟ್ಟಿಮಾಡಿಕೊಳ್ಳಿ. ಅವರ ಮನಸ್ಸು ಒಳ್ಳೆಯದೇ. ಆದರೆ ಬಾವಿ ಬತ್ತಿದವನಿಗೆ ಇನ್ನಷ್ಟು ಸೇದು ಎಂದರೆ ಕೊಡ ತಳದ ಕಲ್ಲಿಗೆ ಬಡಿಯುವ ಸದ್ದಷ್ಟೇ ಮೇಲೆ ಬರುತ್ತದೆ.

ಒಂದು ಸಂಜೆ ನಮ್ಮ ಓಣಿಯ ದೊಡ್ಡವ್ವ ಜೋಳದ ನುಚ್ಚು, ಮಜ್ಜಿಗೆ ತಂದಿಟ್ಟು ಎದುರಿಗೆ ಕೂತಳು. ಚರ್ಚಿನಲ್ಲಿ ಹೆಂಗಸರ ಸಾಲಿನ ಕೊನೆಗೆ ಕೂರುವವಳು, ಎಂದೂ ಎದ್ದು ನಿಂತು ಸಾಕ್ಷಿ ಹೇಳಿದವಳಲ್ಲ. "ನಿದ್ದಿ ಹತ್ತತೈತೇನೋ ತಮ್ಮಾ?" ಎಂದು ಕೇಳಿದಳು. ಇಲ್ಲವೆಂದೆ. ಪ್ರಾರ್ಥನೆಯೂ ಆಗುತ್ತಿಲ್ಲ ಎಂದು ಅವತ್ತೇ ಮೊದಲ ಸಲ ಇನ್ನೊಬ್ಬರ ಮುಂದೆ ಬಾಯಿಬಿಟ್ಟೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಹಂಗಾರ ಬಿಡು. ನಿನ್ನ ಪಾಲಿಂದು ನಾ ಮಾಡ್ತೀನಿ. ನೀ ಉಂಡು ಮಕ್ಕೋ."

ಆ ಮಾತು ಎಷ್ಟು ಹಗುರ ಮಾಡಿತೋ ಆಮೇಲೆ ಅಷ್ಟೇ ಕಾಡಿತು. ನನ್ನ ಪಾಲಿನ ಪ್ರಾರ್ಥನೆಯನ್ನು ಇನ್ನೊಬ್ಬರು ಮಾಡಬಹುದೇ? ವಿಶ್ವಾಸ ಅವರವರದು, ನಿನ್ನ ಬದಲು ಇನ್ನೊಬ್ಬ ನಂಬಲಾರ ಎಂದೇ ನಮಗೆ ಭಾನುವಾರದ ಶಾಲೆಯಿಂದ ಕಲಿಸಿದ್ದಾರೆ. ಅದು ಪೂರ್ತಿ ನಿಜವಾದರೆ ದೊಡ್ಡವ್ವನದು ಬರೀ ಕಕ್ಕುಲಾತಿ. ಅದು ಕಕ್ಕುಲಾತಿಗಿಂತ ದೊಡ್ಡದು, ಕ್ರೈಸ್ತ ಧರ್ಮದ ತಿರುಳಿಗೆ ಬಹಳ ಹತ್ತಿರದ್ದು ಎಂದು ಈಗ ನಾನು ನಂಬಿದ್ದೇನೆ. ಯಾಕೆ ಎಂಬುದನ್ನು ಹೇಳಬೇಕು.

ಪ್ರವಾದಿ ಎಲೀಯನ ಕಥೆ ನಮಗೆಲ್ಲ ಗೊತ್ತು. ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಗೆದ್ದವನು, ಅರಸ ಅಹಾಬನ ರಥಕ್ಕಿಂತ ಮುಂದೆ ಓಡಿ ಇಜ್ರೇಲ್ ಸೇರಿದವನು. ಮರುಗಳಿಗೆಯಲ್ಲಿ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಕುಸಿದು ದಕ್ಷಿಣಕ್ಕೆ ಓಡುತ್ತಾನೆ. ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟು ಒಂದು ದಿನದ ದಾರಿ ಒಬ್ಬನೇ ನಡೆದು, ಮರುಭೂಮಿಯ ಜಾಲಿಯಂಥ ಗಿಡದ ಕೆಳಗೆ ಕೂತು, ಸಾಕು, ನನ್ನ ಜೀವ ತೆಗೆದುಕೋ ಎನ್ನುತ್ತಾನೆ. ಉಪದೇಶಕರು ಇಲ್ಲಿಂದ ಸಾಮಾನ್ಯವಾಗಿ ಹೋರೇಬ್ ಬೆಟ್ಟಕ್ಕೆ ಜಿಗಿಯುತ್ತಾರೆ. ಗಾಳಿ, ಭೂಕಂಪ, ಬೆಂಕಿ, ಆಮೇಲಿನ ಆ ಮೆಲುದನಿ ಅಲ್ಲಿದೆಯಲ್ಲ. ನಾನು ಗಿಡದ ಕೆಳಗೇ ಇನ್ನಷ್ಟು ಹೊತ್ತು ನಿಲ್ಲಬೇಕೆನ್ನುತ್ತೇನೆ.

ಯಾಕೆಂದರೆ ಸಾಯಬೇಕೆಂದ ಪ್ರವಾದಿಗೆ ದೇವರು ಅಲ್ಲಿ ಏನನ್ನೂ ಬೋಧಿಸುವುದಿಲ್ಲ. ನಿನ್ನೆಯ ಬೆಂಕಿ ಮರೆತೆಯಾ ಎಂದು ಗದರಿಸುವುದಿಲ್ಲ. ಅವನು ಮಲಗುತ್ತಾನೆ. ದೂತನೊಬ್ಬ ಮುಟ್ಟಿ ಎಬ್ಬಿಸುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ತಲೆಯ ಬಳಿ ಇರುತ್ತವೆ. ತಿಂದು, ಕುಡಿದು, ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಎಬ್ಬಿಸಿ ಉಣಿಸಲಾಗುತ್ತದೆ. ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ಕಾರಣವನ್ನೂ ಹೇಳಲಾಗುತ್ತದೆ. ಇಲ್ಲೇನು ಮಾಡುತ್ತಿದ್ದೀ ಎಂಬ ಪ್ರಶ್ನೆ ಬರುವುದು ನಲವತ್ತು ದಿನಗಳ ನಂತರ. ಆತ್ಮ ದಣಿದಿದೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಮೈಯ ದಣಿವು ಎಂಬುದು ಆ ಅಡುಗೆಯವನಿಗೆ ಗೊತ್ತಿತ್ತು. ದೊಡ್ಡವ್ವನಿಗೂ ಗೊತ್ತಿತ್ತು.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ವೈದ್ಯರಿದ್ದಾರೆ, ಮಾತ್ರೆಯಿದೆ. ವಿಶ್ವಾಸ ಇದ್ದವರಿಗೆ ಮಾತ್ರೆ ಯಾಕೆ ಎನ್ನುವವರು ನಮ್ಮ ಸಭೆಗಳಲ್ಲಿ ಇನ್ನೂ ಇದ್ದಾರೆ, ಆ ಮಾತಿನಿಂದ ನೊಂದವರನ್ನು ನಾನು ಕಂಡಿದ್ದೇನೆ. ಪ್ರವಾದಿಗೆ ರೊಟ್ಟಿ ಕಳಿಸಿದ ದೇವರು ನಮಗೆ ಔಷಧಿ ಕಳಿಸಲಾರನೇ? ಸಾಯಬೇಕು ಅನ್ನಿಸುತ್ತಿದ್ದರೆ ಅದನ್ನು ಇವತ್ತೇ ಒಬ್ಬರಿಗೆ ಹೇಳಬೇಕು, ವೈದ್ಯರನ್ನು ಕಾಣಬೇಕು. ಹಾಗೆ ಮಾಡುವುದು ವಿಶ್ವಾಸದ ಸೋಲಲ್ಲ.

ದಣಿದವರಿಗೆ ಮೊದಲು ಊಟ, ನಿದ್ದೆ ಎಂದರೆ ಸೋಮಾರಿತನಕ್ಕೆ ಇಂಬು ಕೊಟ್ಟಂತಾಗದೇ ಎಂಬ ಆಕ್ಷೇಪವಿದೆ. ಅದು ಹಳೆಯದು, ತೂಕದ್ದು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಈ ಬತ್ತುವಿಕೆಗೆ 'ಅಕೇಡಿಯ' ಎಂಬ ಗ್ರೀಕ್ ಹೆಸರು ಬಳಸಿದ. ಸನ್ಯಾಸಿಯನ್ನು ಕಾಡುವ ಎಂಟು ಕೆಟ್ಟ ಯೋಚನೆಗಳಲ್ಲಿ ಎಲ್ಲಕ್ಕಿಂತ ಭಾರದ್ದು ಇದೇ ಎಂದ. ಅವನು ಬರೆದ ಚಿತ್ರ ಇಂದಿಗೂ ನಮ್ಮದೇ: ನಡುಹಗಲು, ಸೂರ್ಯ ಅಲುಗುವುದಿಲ್ಲ, ದಿನಕ್ಕೆ ಐವತ್ತು ತಾಸು ಇದ್ದಂತೆ. ಸನ್ಯಾಸಿ ಕಿಟಕಿಯತ್ತ ಮತ್ತೆ ಮತ್ತೆ ನೋಡುತ್ತಾನೆ. ಇರುವ ಜಾಗ ಬೇಸರ, ಮಾಡುವ ಕೆಲಸ ಬೇಸರ. ಜೊತೆಯವರಲ್ಲಿ ಪ್ರೀತಿಯೇ ಉಳಿದಿಲ್ಲ, ನನ್ನನ್ನು ಸಂತೈಸುವವರು ಯಾರೂ ಇಲ್ಲ ಅನ್ನಿಸತೊಡಗುತ್ತದೆ. ಈ ಕೊನೆಯದನ್ನು ಗಮನಿಸಬೇಕು. ಯಾರೂ ಇಲ್ಲ ಎಂಬ ಅನಿಸಿಕೆ ಆ ರೋಗದ ಒಂದು ಲಕ್ಷಣ ಎಂದೇ ಅವನು ಗುರುತಿಸಿದ್ದ. ಎಲೀಯನೂ ನಾನೊಬ್ಬನೇ ಉಳಿದಿದ್ದೇನೆ ಎಂದು ಎರಡು ಸಲ ಹೇಳುತ್ತಾನೆ. ಬಾಳನಿಗೆ ಮೊಣಕಾಲೂರದ ಏಳು ಸಾವಿರ ಜನ ಇದ್ದಾರೆ ಎಂಬುದು ದೇವರ ಉತ್ತರ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು ನಡೆದವನಿಗೆ ಕೊನೆಗೆ ಎಲೀಷನೆಂಬ ಜೊತೆಗಾರ ಸಿಗುತ್ತಾನೆ.

ಮರುಭೂಮಿಯ ಗುರುಗಳು ಇದಕ್ಕೆ ಮದ್ದೆಂದು ದೊಡ್ಡ ಸಾಹಸವನ್ನೇನೂ ಹೇಳಲಿಲ್ಲ. ಅಬ್ಬಾ ಅಂತೋನಿ ಇದೇ ಬೇಸರದಲ್ಲಿ ನಾನು ಹೇಗೆ ಉಳಿದೇನು ಎಂದು ದೇವರನ್ನು ಕೇಳಿದನಂತೆ. ಹೊರಗೆ ಬಂದು ನೋಡಿದರೆ ತನ್ನಂತೆಯೇ ಇರುವ ಒಬ್ಬ ಕೂತು ಹಗ್ಗ ಹೊಸೆಯುತ್ತಿದ್ದ, ಎದ್ದು ಪ್ರಾರ್ಥಿಸಿದ, ಮತ್ತೆ ಕೂತು ಹೊಸೆದ, ಮತ್ತೆ ಎದ್ದ. ಹೀಗೆ ಮಾಡು, ಉಳಿಯುತ್ತೀ ಎಂದು ಹೇಳಲು ಬಂದ ದೂತ ಅವನು. ಕೈಗೊಂದು ಸಣ್ಣ ಕೆಲಸ, ನಡುನಡುವೆ ಎದ್ದು ನಿಲ್ಲುವುದು: ಸೋಮಾರಿತನಕ್ಕೆ ಇಷ್ಟು ಉತ್ತರ ಸಾಕು. ಎದ್ದು ನಿಲ್ಲಲೂ ಆಗದವನ ಮಾತು ಬೇರೆ. ಅವನನ್ನು ಹೊರಬೇಕು.

ಹೊರುವ ಕಥೆ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿದೆ. ಕಪೆರ್ನೌಮಿನ ಒಂದು ಮನೆ, ಬಾಗಿಲ ತುಂಬ ಜನ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ದಾರಿ ಸಿಗದೆ, ಮಾಳಿಗೆ ಒಡೆದು ಹಾಸಿಗೆ ಸಮೇತ ಅವನನ್ನು ಯೇಸುವಿನ ಮುಂದೆ ಇಳಿಬಿಡುತ್ತಾರೆ. ಯೇಸು ನೋಡಿದ್ದು ಅವರ ವಿಶ್ವಾಸವನ್ನು ಎಂದು ಮಾರ್ಕ ಬರೆಯುತ್ತಾನೆ. 'ಅವರ' ಎಂಬ ಬಹುವಚನದಲ್ಲಿ ಹಾಸಿಗೆಯ ಮೇಲಿದ್ದವನೂ ಸೇರಿದ್ದಾನೆಯೇ ಎಂದು ವಾದ ಮಾಡಬಹುದು. ಸೇರಿದ್ದರೂ ಇಷ್ಟು ಸ್ಪಷ್ಟ: ಕಥೆಯಲ್ಲಿ ಅವನು ಒಂದು ಮಾತೂ ಆಡುವುದಿಲ್ಲ. ಏನನ್ನೂ ಕೇಳುವುದಿಲ್ಲ. ನಾಲ್ಕು ಹೆಗಲು ಅವನ ಪರವಾಗಿ ಕೇಳಿದವು.

ಸ್ವಾಮಿ ಕಲಿಸಿದ ಪ್ರಾರ್ಥನೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ 'ನಾನು' ಇಲ್ಲ, 'ನನ್ನ' ಇಲ್ಲ. ತಂದೆ 'ನಮ್ಮ' ತಂದೆ, ರೊಟ್ಟಿ 'ನಮ್ಮ' ರೊಟ್ಟಿ, ಕ್ಷಮೆಯೂ 'ನಮಗೆ'. ಕದ ಮುಚ್ಚಿಕೊಂಡು ಕೋಣೆಯೊಳಗೆ ಒಬ್ಬನೇ ಪ್ರಾರ್ಥಿಸು ಎಂದ ಬಾಯಿಯೇ, ಅಲ್ಲಿ ಒಬ್ಬಂಟಿಯಾಗಿ ಹೇಳಲು ಈ ಬಹುವಚನವನ್ನು ಕೊಟ್ಟಿತು. ಹಾಗಾಗಿ ಪ್ರಾರ್ಥನೆ ಮೊದಲಿಗೆ ಒಬ್ಬನ ಸಾಧನೆ, ಆಮೇಲೆ ಅಂಥವರೆಲ್ಲ ಸೇರಿದ್ದು ಸಭೆ ಎಂಬ ಲೆಕ್ಕ ತಲೆಕೆಳಗು. ನಾವು ಹುಟ್ಟುವ ಮೊದಲೇ ನಡೆದುಬಂದ ಒಂದು ಪ್ರಾರ್ಥನೆಯೊಳಗೆ ನಾವು ಸೇರಿಕೊಳ್ಳುತ್ತೇವೆ. ಒಂದು ದಿನ ನಮ್ಮ ದನಿ ನಿಂತರೂ ಅದು ನಿಲ್ಲುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನದರಲ್ಲಿ ನೀನು. ಒಬ್ಬ ಜ್ವರ ಹಿಡಿದು ಮಲಗಿದ್ದಾಗ ನಾಲ್ಕು ಮನೆಯವರು ಅವನ ಹೊಲದ ಕಳೆ ತೆಗೆದರೆ, ಆ ವರ್ಷದ ಬೆಳೆ ಅವನದಲ್ಲ ಎಂದು ಯಾರೂ ಹೇಳುವುದಿಲ್ಲ. ಹೊಲ ಅವನದೇ, ಬೆವರು ಇನ್ನೊಬ್ಬರದು. ವಿಶ್ವಾಸ ಅವರವರದು ಎಂಬ ಮಾತಿಗೆ ನಾನು ಕಂಡುಕೊಂಡ ಉತ್ತರ ಇದು. ನನ್ನ ಬದಲು ದೊಡ್ಡವ್ವ ನಂಬಲಿಲ್ಲ. ನಾನು ಏಳುವವರೆಗೆ ನನ್ನ ಹೊಲ ಬೀಳು ಬೀಳದಂತೆ ನೋಡಿಕೊಂಡಳು.

ಇನ್ನೊಬ್ಬರ ಹೆಗಲು ಅಂದರೆ ಇನ್ನೊಬ್ಬರ ಮಾತೂ ಹೌದು. ಬರೆದಿಟ್ಟ ಪ್ರಾರ್ಥನೆಗಳನ್ನು ಬಾಯಿಪಾಠ ಎಂದು ತಳ್ಳುವ ರೂಢಿ ನಮ್ಮ ಕಡೆ ಇದೆ. ನಾನೂ ಹಾಗೆಯೇ ತಳ್ಳಿದ್ದವನು. ಸ್ವಂತ ಮಾತು ಸತ್ತಾಗಲೇ ಅವುಗಳ ಬೆಲೆ ತಿಳಿಯಿತು. ಕೀರ್ತನೆಗಳ ಪುಸ್ತಕದಲ್ಲಿ ಗೋಳಿನ ಹಾಡುಗಳೇ ಎಷ್ಟೋ ಇವೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಪವಿತ್ರ ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ದೇವರನ್ನು ಬೈದು ಹಾಡಿದ ದಾಸರ ನಿಂದಾಸ್ತುತಿಗಳನ್ನು ಕೇಳಿ ಬೆಳೆದ ನಮ್ಮ ನಾಡಿಗೆ ಇದು ಅಪರಿಚಿತವಾಗಬಾರದು. ಗೆತ್ಸೇಮನೆ ತೋಟದಲ್ಲಿ ಯೇಸು ಕೂಡ ಮೂರನೆಯ ಸಲ ಹೊಸ ಮಾತು ಹುಡುಕಲಿಲ್ಲ, ಹಿಂದಿನ ಮಾತನ್ನೇ ಹೇಳಿದನು. ಅದಕ್ಕೂ ಮೊದಲು ಮೂವರು ಗೆಳೆಯರನ್ನು, ನನ್ನ ಜೊತೆ ಎಚ್ಚರವಾಗಿರಿ ಎಂದು ಬೇಡಿಕೊಂಡನು. ಅವರು ನಿದ್ದೆಹೋದರು. ಬೇಡಿದ್ದಂತೂ ನಿಜ.

ಹೊರುವವರು ಏನು ಹೇಳಬೇಕು? ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಮದರ್ ತೆರೇಸಾ ಅವರ ಬದುಕಿನಲ್ಲಿದೆ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿನ ರೈಲಿನಲ್ಲಿ ಅವರಿಗೆ ಬಡವರ ಕಡೆಗಿನ ಕರೆ ಬಂತು. 1950ರಲ್ಲಿ ಕೋಲ್ಕತ್ತದಲ್ಲಿ ಅವರ ಸಂಸ್ಥೆ ಸ್ಥಾಪನೆಯಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಒಳಗೆ ಕತ್ತಲೆ ಕವಿಯಿತು. 1958ರ ಕೊನೆಯಲ್ಲಿ ಕೆಲವು ವಾರಗಳ ಬಿಡುವು ಬಿಟ್ಟರೆ 1997ರಲ್ಲಿ ತೀರಿಕೊಳ್ಳುವವರೆಗೂ ಅದು ಹೋಗಲಿಲ್ಲ. ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಇದು ಲೋಕಕ್ಕೆಲ್ಲ ವ್ಯಾಪಕವಾಗಿ ತಿಳಿಯಿತು. ಕೆಲವರು ಕಪಟ ಎಂದರು. ನನಗೆ ಹಾಗನ್ನಿಸುವುದಿಲ್ಲ. ಏನೂ ಅನ್ನಿಸದೆಯೇ ಬೆಳಗಿನ ಜಾವ ಎದ್ದು ಪೂಜೆಗೆ ಕೂತು, ಸಾಯುವವರ ಮೈ ತೊಳೆದವರ ನಿಷ್ಠೆಗೆ ಬೇರೆ ಹೆಸರು ಬೇಕು.

1961ರಲ್ಲಿ ಜೋಸೆಫ್ ನೊಯ್ನರ್ ಎಂಬ ಜೆಸ್ವಿಟ್ ಗುರುಗಳ ಮುಂದೆ ಅವರು ಇದನ್ನು ತೆರೆದಿಟ್ಟರು. ನೊಯ್ನರ್ ಹೊಸ ಸಾಧನೆ ಕಲಿಸಲಿಲ್ಲ. ಇದಕ್ಕೆ ಮನುಷ್ಯರ ಬಳಿ ಮದ್ದಿಲ್ಲ, ಆದ್ದರಿಂದ ಇದು ನಿಮ್ಮ ತಪ್ಪೆಂದು ತಿಳಿಯಬೇಡಿ ಎಂದರು. ದೇವರಿಗಾಗಿ ಇಷ್ಟು ಹಂಬಲಿಸುತ್ತಿರುವುದೇ ಆತ ಮರೆಯಲ್ಲಿ ಇದ್ದಾನೆ ಎಂಬುದರ ಗುರುತು ಎಂದರು. ಬಾಯಾರಿಕೆ ಇದೆ ಎಂದಮಾತ್ರಕ್ಕೆ ನೀರಿದೆ ಎಂದಾಗುತ್ತದೆಯೇ ಎಂದು ತರ್ಕ ಬಲ್ಲವರು ಕೇಳಬಹುದು. ಆಗುವುದಿಲ್ಲ, ಒಪ್ಪುತ್ತೇನೆ. ನಂಬದವರ ಮುಂದಿಡುವ ಸಾಕ್ಷ್ಯವಾಗಿ ಅದು ನಿಲ್ಲದು. ಆದರೆ ನೊಯ್ನರ್ ಮಾತಾಡುತ್ತಿದ್ದುದು ತಾನು ಮನೆಯಿಂದ ಹೊರಗೆ ಬಿದ್ದೆನೇನೋ ಎಂದು ನಡುಗುತ್ತಿದ್ದ ಒಬ್ಬ ಹೆಣ್ಣುಮಗಳ ಜೊತೆ. ಹೊರಗೆ ಬಿದ್ದವರಿಗೆ ಈ ಸಂಕಟ ಇರುವುದಿಲ್ಲಮ್ಮ ಎಂಬುದು ಆ ಮಾತಿನ ಅರ್ಥ. ಆ ಕತ್ತಲೆಯನ್ನೇ ಪ್ರೀತಿಸಲು ಕಲಿತೆ ಎಂದು ಮದರ್ ಆಮೇಲೆ ಬರೆದರು. ಕತ್ತಲೆ ಹಾಗೇ ಇತ್ತು, ಅಪರಾಧದ ಭಾರ ಮಾತ್ರ ಇಳಿದಿತ್ತು.

ನನ್ನದು ಸಂತರ ಕತ್ತಲೆಯಲ್ಲ, ದಣಿವು. ಸುಮಾರು ಒಂದೂವರೆ ವರ್ಷದ ಮೇಲೆ ಒಂದು ಬೆಳಗ್ಗೆ, ಅಂಗಳದಲ್ಲಿ ನೀರು ಹಿಡಿಯುತ್ತ ನಿಂತಿದ್ದಾಗ, ಅಪ್ಪನ ಹೆಸರು ಬಾಯಿಗೆ ಬಂತು, ಅದರ ಹಿಂದೆಯೇ ಒಂದು ಮಾತು ದೇವರಿಗೆ. ಹೇಗೆ ಎಂದು ವಿವರಿಸಲಾರೆ. ದೊಡ್ಡವ್ವನಿಗೆ ಹೋಗಿ ಹೇಳಿದೆ. ಆಕೆ ಅಷ್ಟು ದಿನವೂ ಬಿಟ್ಟಿರಲಿಲ್ಲ.

ಕನ್ನಡದಲ್ಲಿ ನಾವು ಧೈರ್ಯ ಹೇಳುತ್ತೇವೆ, ಹೆಗಲು ಕೊಡುತ್ತೇವೆ. ಇಷ್ಟು ಪುಟ ನಾನೂ ಹೇಳಿದ್ದೇ ಆಯಿತು, ಇನ್ನು ಹೆಗಲು ಕೊಡಬೇಕು. ಇದನ್ನು ಓದುತ್ತಿರುವವರಲ್ಲಿ ಮೊದಲ ಮಾತೇ ಹುಟ್ಟದೆ ಕೂತವರು ಒಬ್ಬರಿದ್ದರೆ, ನಿಮ್ಮ ಪಾಲಿನದು ಇದು:

ಕರ್ತನೇ, ಇವರು ದಣಿದಿದ್ದಾರೆ. ಇವರಿಂದ ಇವತ್ತು ಏನೂ ಕೇಳಬೇಡ. ಒಂದು ಹೊತ್ತಿನ ಊಟ ಇವರಿಗೆ ಸೇರಲಿ, ಇವತ್ತು ರಾತ್ರಿ ನಿದ್ದೆ ಹತ್ತಲಿ. ನಿನ್ನ ಬಗ್ಗೆ ಏನೂ ಅನ್ನಿಸದೇ ಇರುವುದನ್ನು ಇವರು ಪಾಪವೆಂದು ಎಣಿಸದಿರಲಿ. ಮದ್ದು ಬೇಕಾಗಿದ್ದರೆ ಒಳ್ಳೆಯ ವೈದ್ಯರ ಬಾಗಿಲಿಗೆ ಇವರನ್ನು ಮುಟ್ಟಿಸು. ಇವರ ಮುಂದೆ ಸುಮ್ಮನೆ ಕೂರಬಲ್ಲ ಒಬ್ಬರನ್ನು ಈ ವಾರ ಕಳಿಸು. ಇವರ ಹೊಲವನ್ನು ನಾವು ನೋಡಿಕೊಳ್ಳುತ್ತೇವೆ, ನಮಗೆ ಕೈ ಸೋಲದಿರಲಿ. ಆಮೆನ್ ಎನ್ನುವ ಭಾರವೂ ಇವರ ಮೇಲೆ ಬೇಡ, ನಾವೇ ಹೇಳುತ್ತೇವೆ. ಆಮೆನ್.